ಡೆಟ್ರಾಯಿಟ್ ಖಾಲಿಯಾಗಿದ್ದು ಕಾರ್ಖಾನೆ ಮುಚ್ಚಿದ್ದಕ್ಕೇನಾ?

ರಾಬರ್ಟ್‌ಸನ್‌ಪೇಟೆ ಮೇಷ್ಟ್ರು:

ಕೆಜಿಎಫ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. ನಗರೀಕರಣದ ಪಾಠಕ್ಕೆ ಅಂತ ಅಮೆರಿಕದ ಊರುಗಳ ಜನಸಂಖ್ಯೆ ಬೋರ್ಡ್ ಮೇಲೆ ಬರೆದೆ. ಡೆಟ್ರಾಯಿಟ್ 1950ರಲ್ಲಿ 18.5 ಲಕ್ಷ, 2020ರಲ್ಲಿ 6.4 ಲಕ್ಷ. ಕ್ಲೀವ್‌ಲ್ಯಾಂಡ್ 9.1 ಲಕ್ಷದಿಂದ 3.7 ಲಕ್ಷಕ್ಕೆ, ಸೇಂಟ್ ಲೂಯಿಸ್ 8.6 ಲಕ್ಷದಿಂದ 3 ಲಕ್ಷಕ್ಕೆ ಇಳಿದಿವೆ. ಅದೇ ಎಪ್ಪತ್ತು ವರ್ಷದಲ್ಲಿ ಹ್ಯೂಸ್ಟನ್ 6 ಲಕ್ಷದಿಂದ 23 ಲಕ್ಷ ಆಗಿದೆ, ಫೀನಿಕ್ಸ್ 1 ಲಕ್ಷದಿಂದ 16 ಲಕ್ಷ.

"ಕಾರ್ಖಾನೆ ಮುಚ್ಚಿದವು, ಊರು ಖಾಲಿಯಾಯ್ತು" ಅಂತ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, 2001ರಲ್ಲಿ ನಮ್ಮೂರ ಗಣಿನೂ ಮುಚ್ಚಿತು, ನಾವು ಇಲ್ಲೇ ಇದೀವಲ್ಲ?" ಅವಳ ತಾತ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದವರು. ಪ್ರಶ್ನೆ ನ್ಯಾಯವಾದದ್ದು. ಅಲ್ಲಿ ಇದ್ದು ನೋಡಿದವರು ಯಾರಾದರೂ ಬಿಡಿಸಿ ಹೇಳ್ತೀರಾ? ಮಕ್ಕಳಿಗೆ ಅರ್ಧಂಬರ್ಧ ಹೇಳೋಕೆ ಮನಸ್ಸು ಒಪ್ಪಲ್ಲ.

ಶ್ರೀನಿವಾಸಪುರದವನು:

ನಮಸ್ಕಾರ ಮೇಷ್ಟ್ರೇ. ನಾನಿರೋದು ಮಿಶಿಗನ್‌ನ ಟ್ರಾಯ್ ಅನ್ನೋ ಊರಲ್ಲಿ, ಡೆಟ್ರಾಯಿಟ್‌ನ ಉತ್ತರಕ್ಕೆ. ಕಾರಿನ ಬ್ರೇಕ್ ಡಿಸೈನ್ ಮಾಡೋ ಕೆಲಸ. ನಿಮ್ಮ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ: ವಿಸ್ತೀರ್ಣ. ಅರ್ಧ ಕಥೆ ಅದರಲ್ಲೇ ಇದೆ.

ಡೆಟ್ರಾಯಿಟ್ ನಗರದ ಗಡಿ 1926ರಿಂದ ಕದಲಿಲ್ಲ. ಸುಮಾರು 360 ಚದರ ಕಿ.ಮೀ., ಅಷ್ಟೇ. ಉತ್ತರಕ್ಕೆ ಎಂಟು ಮೈಲಿ ರಸ್ತೆ ಅಂತ ಇದೆ, ಅದೇ ಗಡಿ. ರಸ್ತೆ ದಾಟಿದರೆ ನಮ್ಮ ಓಕ್‌ಲ್ಯಾಂಡ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). 1950ರಲ್ಲಿ ಇಲ್ಲಿದ್ದದ್ದು 4 ಲಕ್ಷ ಜನ, 2020ರಲ್ಲಿ 12.7 ಲಕ್ಷ. ಸುತ್ತಲಿನ ಊರುಗಳನ್ನೂ ಸೇರಿಸಿದ ಇಡೀ ಮಹಾನಗರ ಪ್ರದೇಶದಲ್ಲಿ ಇವತ್ತಿಗೂ 44 ಲಕ್ಷದ ಹತ್ತಿರ ಜನ ಇದ್ದಾರೆ. 1970ರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಬಹುಪಾಲು ಜನ ರಸ್ತೆ ದಾಟಿ ಆಚೆ ಮನೆ ಮಾಡಿದರು, ತೆರಿಗೆಯೂ ಅವರ ಜೊತೆ ಹೋಯಿತು.

ಕಾರ್ಖಾನೆಗಳೂ ಮುಚ್ಚುವುದಕ್ಕೆ ಮೊದಲೇ ಊರಾಚೆ ಹೋಗಿದ್ದವು. ಹಳೆಯವೆಲ್ಲ ನಾಲ್ಕೈದು ಅಂತಸ್ತಿನ ಕಟ್ಟಡಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದೇ ಅಂತಸ್ತಿನ, ಉದ್ದುದ್ದ ಶೆಡ್ಡುಗಳು ಬೇಕಾದವು. ಅಷ್ಟು ಅಗಲದ ಖಾಲಿ ಜಾಗ ಊರೊಳಗೆ ಸಿಗುತ್ತಿರಲಿಲ್ಲ. 1956ರ ಹೊತ್ತಿಗೆ ಪ್ಯಾಕರ್ಡ್ ಕಂಪನಿ ಡೆಟ್ರಾಯಿಟ್‌ನಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿತ್ತು. ನಗರದ ಟ್ರಾಮ್ ಸಂಚಾರ ಪೂರ್ತಿ ನಿಂತದ್ದೂ ಅದೇ 1956ರಲ್ಲಿ. ಕೆಲಸ ಹತ್ತಿಪ್ಪತ್ತು ಮೈಲಿ ಆಚೆ ಹೋಯಿತು, ಕಾರಿಲ್ಲದವನಿಗೆ ಅಲ್ಲಿಗೆ ಹೋಗುವ ದಾರಿಯೇ ಇಲ್ಲದಂತಾಯಿತು.

ನಿಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನ್ನಿಸುತ್ತೆ. ಗಣಿ ಮುಚ್ಚಿದಾಗ ಮಾರಿಕುಪ್ಪಂ ರೈಲು ಇತ್ತು. ಬೆಳಕು ಹರಿಯೋ ಮುಂಚೆ ಹೊರಟು, ಬಂಗಾರಪೇಟೆ ದಾಟುವಾಗಲೇ ನಿಲ್ಲೋಕೆ ಜಾಗ ಇಲ್ಲದೆ, ಬೆಂಗಳೂರಲ್ಲಿ ದುಡಿದು ರಾತ್ರಿ ಲೈನ್ ಮನೆಗೆ ವಾಪಸ್ ಬರುವವರು ಎಷ್ಟು ಜನ ಅಂತ ನಿಮಗೇ ಗೊತ್ತು. ನಮ್ಮ ಚಿಕ್ಕಪ್ಪನೂ ಹಾಗೇ ಓಡಾಡಿದವರು. ಆ ಬಾಳು ಸುಖದ್ದು ಅಂತ ನಾನು ಹೇಳ್ತಿಲ್ಲ. ಆದರೆ ಊರು ಉಳೀತು.

ಆದರೆ ಡೆಟ್ರಾಯಿಟ್‌ನಲ್ಲಿ ರಸ್ತೆ ದಾಟೋಕೆ ಎಲ್ಲರಿಗೂ ಬಿಡಲಿಲ್ಲ, ಮೇಷ್ಟ್ರೇ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಎಂಟು ಮೈಲಿ ರಸ್ತೆಯ ಹತ್ತಿರ, ನಗರದೊಳಗೇ, ಒಂದು ಗೋಡೆ ಇದೆ. ಕಾಂಕ್ರೀಟಿನದು, ಆರಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ. ಕಪ್ಪು ಜನರ ಮನೆಗಳ ಪಕ್ಕದಲ್ಲೇ ಬಿಳಿಯರಿಗೆ ಅಂತ ಬಡಾವಣೆ ಮಾಡಲು ಹೊರಟ ಬಿಲ್ಡರ್ ಒಬ್ಬ 1941ರಲ್ಲಿ ಕಟ್ಟಿಸಿದ್ದು. ಕಪ್ಪು ಜನ ಪಕ್ಕದಲ್ಲಿದ್ದರೆ ಸಾಲಕ್ಕೆ ಖಾತರಿ ಕೊಡುವುದಿಲ್ಲ ಅಂತ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ಹೇಳಿತ್ತು. ಗೋಡೆ ಎದ್ದ ಮೇಲೆ ಖಾತರಿ ಸಿಕ್ಕಿತು. ನಾನು ಹೋಗಿ ನೋಡಿದ್ದೇನೆ. ಒಂದು ಭಾಗ ಮಕ್ಕಳ ಆಟದ ಮೈದಾನಕ್ಕೆ ಅಂಟಿಕೊಂಡಿದೆ, ಅಲ್ಲಿ ಬಣ್ಣದ ಚಿತ್ರ ಬಿಡಿಸಿದ್ದಾರೆ. ಮುಂದಕ್ಕೆ ಅದೇ ಗೋಡೆ ಮನೆಗಳ ಹಿತ್ತಲಿಗೆ ಕಾಂಪೌಂಡ್ ಆಗಿ ನಿಂತಿದೆ. ಕೈಯಿಟ್ಟು ನೋಡಿದರೆ ಸಾಮಾನ್ಯ ಗೋಡೆ. ಸಾಲ ಸಿಕ್ಕವರು ಯಾರು, ಸಿಗದವರು ಯಾರು ಅಂತ ಎರಡು ತಲೆಮಾರಿನ ಹಣೆಬರಹ ಬರೆದದ್ದು ಅದೇ. ಆಮೇಲೆ ಹೈವೇ ಬಂದಾಗ ಹೇಸ್ಟಿಂಗ್ಸ್ ಬೀದಿಯ ಅಂಗಡಿ, ಹೋಟೆಲು, ಸಂಗೀತದ ಮನೆಗಳು, ಕಪ್ಪು ಜನ ಕೈಯಾರೆ ಕಟ್ಟಿಕೊಂಡದ್ದೆಲ್ಲ, ನೆಲಸಮವಾದವು.

ಹ್ಯೂಸ್ಟನ್ ಬೆಳೆದದ್ದಕ್ಕೆ ತೈಲ ಇದೆ, 1914ರ ಹಡಗು ಕಾಲುವೆ ಇದೆ. ಜೊತೆಗೆ ಟೆಕ್ಸಸ್ ಕಾನೂನು ಪಕ್ಕದ ಬಡಾವಣೆಗಳನ್ನು ನಗರಕ್ಕೆ ಸೇರಿಸಿಕೊಳ್ಳಲು ಬಿಟ್ಟಿತು. 1996ರಲ್ಲಿ ಪಕ್ಕದ ಕಿಂಗ್‌ವುಡ್ ಬಡಾವಣೆಯ ಜನ ಬೇಡ ಬೇಡ ಅಂದರೂ ಸೇರಿಸಿಕೊಂಡರು. ನಮ್ಮಲ್ಲೂ ಇದೇ ನಡೆದಿದೆ. 2001ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆ 43 ಲಕ್ಷ, 2011ರಲ್ಲಿ 84 ಲಕ್ಷ. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಗಿತ್ತು. ಆ 41 ಲಕ್ಷದಲ್ಲಿ ಹೊಸದಾಗಿ ಬಂದವರೆಷ್ಟು, ಗೆರೆಯೊಳಗೆ ಸೇರಿಕೊಂಡವರೆಷ್ಟು ಅಂತ ಮಕ್ಕಳನ್ನೇ ಯೋಚಿಸೋಕೆ ಹಚ್ಚಿ.

ಒಂದೇ ರಾಜ್ಯದ ಉದಾಹರಣೆ ಬೇಕಿದ್ದರೆ ಒಹಾಯೊ. ಕ್ಲೀವ್‌ಲ್ಯಾಂಡ್ ಕುಸಿದ ಅದೇ ಕಾಲದಲ್ಲಿ ಕೊಲಂಬಸ್ 3.8 ಲಕ್ಷದಿಂದ 9 ಲಕ್ಷಕ್ಕೆ ಏರಿತು. 1950ರ ದಶಕದಲ್ಲಿ ಕೊಲಂಬಸ್ ಒಂದು ಷರತ್ತು ಹಾಕಿತು: ನಮ್ಮ ನೀರು, ಒಳಚರಂಡಿ ಬೇಕಿದ್ದರೆ ನಮ್ಮ ನಗರಕ್ಕೆ ಸೇರಿ.

ತುಮಕೂರು ಬಿ.ಎಚ್. ರಸ್ತೆ:

ಶ್ರೀನಿವಾಸಪುರದ ಅಣ್ಣ, ಚೆನ್ನಾಗಿ ಬಿಡಿಸಿ ಹೇಳಿದಿರಿ, ಆದರೆ ಗಡಿಗೆ ಸ್ವಲ್ಪ ಜಾಸ್ತಿನೇ ತೂಕ ಕೊಟ್ಟಿದ್ದೀರಿ. ಶಿಕಾಗೋ ನೋಡಿ. ಅದೂ ಗಡಿಯೊಳಗೆ ಸಿಕ್ಕಿಕೊಂಡ ಊರೇ. 36 ಲಕ್ಷದಿಂದ 27 ಲಕ್ಷಕ್ಕೆ ಇಳಿದಿದೆ. ಉಕ್ಕಿನ ಗಿರಣಿ ಹೋದವು, ಜಾನುವಾರು ಯಾರ್ಡ್ 1971ರಲ್ಲಿ ಮುಚ್ಚಿತು. ಆದರೂ ಊರು ನಿಂತಿದೆ. ಯಾಕೆಂದರೆ ಅಲ್ಲಿ ರೈಲು ಜಂಕ್ಷನ್, ಧಾನ್ಯದ ವಾಯಿದಾ ವ್ಯಾಪಾರ, ಬ್ಯಾಂಕು, ವಿಮಾನ ನಿಲ್ದಾಣ, ವಿಶ್ವವಿದ್ಯಾಲಯ ಎಲ್ಲಾ ಇದ್ದವು. ಒಂದು ಕಂಬ ಬಿದ್ದರೆ ಇನ್ನೊಂದು ಹೊತ್ತುಕೊಂಡಿತು. ಕೊಲಂಬಸ್ ಕೂಡ ರಾಜ್ಯದ ರಾಜಧಾನಿ, ದೊಡ್ಡ ವಿಶ್ವವಿದ್ಯಾಲಯದ ಊರು. ಅಲ್ಲಿನ ಸಂಬಳ ಕಾರಿನ ಮಾರಾಟ ಕುಸಿದರೆ ನಿಲ್ಲಲ್ಲ.

ನಮ್ಮ ತಂದೆ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆ ಹೋದರೂ ತುಮಕೂರು ಕುಗ್ಗಲಿಲ್ಲ. ಮಂಡಿ ಇತ್ತು, ಕಾಲೇಜುಗಳಿದ್ದವು, ಹೈವೇ ಇತ್ತು. ಹಾಗಾಗಿ ನನ್ನ ಪ್ರಕಾರ ಮೊದಲ ಕಾರಣ ಒಂದೇ ಕಸುಬು ನಂಬಿದ್ದು, ಗಡಿ ಆಮೇಲಿನದು.

ಶ್ರೀನಿವಾಸಪುರದವನು:

ಒಂದೇ ಕಸುಬು ನಂಬಿ ಕೆಟ್ಟಿತು ಅನ್ನೋದು ನಿಜ, ಒಪ್ಪಿದೆ. ಪಿಟ್ಸ್‌ಬರ್ಗ್‌ನಲ್ಲಿ ಉಕ್ಕು ಹೋದ ಮೇಲೆ ಆಸ್ಪತ್ರೆ, ವಿಶ್ವವಿದ್ಯಾಲಯ ಕೈಹಿಡಿದವು. ಆದರೂ ಊರು 6.8 ಲಕ್ಷದಿಂದ 3 ಲಕ್ಷಕ್ಕೆ ಇಳಿದೇ ಇಳಿಯಿತು. ಕಸುಬು ಹೋದರೆ ಊರು ಬಡವಾಗುತ್ತೆ. ಆ ಬಡತನದ ಹೊರೆ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದನ್ನ ಗಡಿ ನಿರ್ಧರಿಸುತ್ತೆ. ಇಲ್ಲಿ ನಗರದ ಖರ್ಚಿಗೆ ಸ್ಥಳೀಯ ತೆರಿಗೆಗಳೇ ದೊಡ್ಡ ಆಸರೆ. ಜನ ಮೂರರಲ್ಲಿ ಎರಡು ಪಾಲು ಕಮ್ಮಿಯಾದರು ಅಂತ ನೀರಿನ ಪೈಪು ಗಿಡ್ಡ ಆಗಲ್ಲ.

2013ರ ಜುಲೈನಲ್ಲಿ ಡೆಟ್ರಾಯಿಟ್ ದಿವಾಳಿ ಅರ್ಜಿ ಹಾಕಿದಾಗ ಸಾಲ ಸುಮಾರು 1,800 ಕೋಟಿ ಡಾಲರ್. ಬೀದಿದೀಪಗಳಲ್ಲಿ ನೂರಕ್ಕೆ ನಲವತ್ತು ಉರಿಯುತ್ತಿರಲಿಲ್ಲ. ಕೊನೆಗೆ ನಗರದ ಮಾಮೂಲಿ ನೌಕರಿ ಮಾಡಿ ನಿವೃತ್ತರಾದವರ ಪಿಂಚಣಿಯಲ್ಲಿ 4.5% ಕಡಿತ ಮಾಡಿದರು, ಬೆಲೆಯೇರಿಕೆಗೆ ತಕ್ಕ ಹೆಚ್ಚಳವನ್ನೂ ತೆಗೆದರು. ಊರು ಬಿಡದೆ ಕಸ ಎತ್ತಿದವರು, ಆಫೀಸಿನಲ್ಲಿ ಫೈಲು ನೋಡಿದವರು ಅವರು. ಎಂಟು ಮೈಲಿ ರಸ್ತೆಯ ಈಚೆ ಇದ್ದವರ ಮೇಲೆ ಆ ಸಾಲದ ಹೊರೆ ನೇರವಾಗಿ ಬೀಳಲಿಲ್ಲ. ಇದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಅನ್ನಿಸೋದು.

ನಂದಿ ತಪ್ಪಲಿನ ರೈತ ಮಹಿಳೆ:

ಮೇಷ್ಟ್ರೇ, ಕುಸಿದ ಊರಿನ ಬಗ್ಗೆ ಎಲ್ಲಾ ಹೇಳಿದರು. ಬೆಳೆದ ಊರಿನ ಬಗ್ಗೆ ನನ್ನದೊಂದು ಮಾತು. ನನ್ನ ಮಗಳು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿದ್ದಾಳೆ. ಹೋದಾಗ ನಾನು ಮೊದಲು ಕೇಳಿದ್ದು ನೀರೆಲ್ಲಿಂದ ಅಂತ. ಚಿಕ್ಕಬಳ್ಳಾಪುರದವಳಿಗೆ ಬೇರೇನು ತೋಚುತ್ತೆ? ಇಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿವೆ.

ಅಲ್ಲಿಗೆ ಕೊಲರಾಡೊ ನದಿ ನೀರು 540 ಕಿ.ಮೀ. ಉದ್ದದ ಕಾಲುವೆಯಲ್ಲಿ ಮರುಭೂಮಿ ದಾಟಿ ಬರುತ್ತೆ, ದಾರಿಯಲ್ಲಿ ಪಂಪು ಹಾಕಿ ಎತ್ತುತ್ತಾರೆ. ಆ ನದಿಯೇ ಸೊರಗಿದೆ. 1980ರಲ್ಲೇ ಅಂತರ್ಜಲಕ್ಕೆ ಕಾನೂನು ಮಾಡಿದರು. ಹೊಸ ಬಡಾವಣೆ ಮಾಡುವವರು ನೂರು ವರ್ಷಕ್ಕೆ ಸಾಕಾಗುವಷ್ಟು ನೀರಿದೆ ಅಂತ ತೋರಿಸಬೇಕು. 2023ರಲ್ಲಿ, ಬರೀ ಅಂತರ್ಜಲ ನಂಬಿದ ಹೊಸ ಬಡಾವಣೆಗೆ ಫೀನಿಕ್ಸ್ ಸುತ್ತ ಒಪ್ಪಿಗೆ ಕೊಡಲ್ಲ ಅಂತ ರಾಜ್ಯ ಸರ್ಕಾರ ಹೇಳಿತು. ಹತ್ತಿರದ ಪಾಲೊ ವರ್ಡೆ ಅಣುಸ್ಥಾವರ ತಣ್ಣಗಾಗೋದು ಊರಿನ ಶುದ್ಧೀಕರಿಸಿದ ಚರಂಡಿ ನೀರಲ್ಲಿ. ನಮ್ಮ ಕೆರೆಗಳಿಗೆ ಎಚ್‌ಎನ್ ವ್ಯಾಲಿಯಿಂದ, ನಿಮ್ಮ ಕೋಲಾರಕ್ಕೆ ಕೆಸಿ ವ್ಯಾಲಿಯಿಂದ ಬೆಂಗಳೂರಿನ ನೀರು ಬರುತ್ತಲ್ಲ, ಆ ಜಾತಿಯದ್ದೇ. ನೂರು ವರ್ಷದ ಲೆಕ್ಕ ಇಲ್ಲೂ ಕೇಳಿದರೆ ದೇವನಹಳ್ಳಿ ಸುತ್ತ ಎಷ್ಟು ಲೇಔಟ್‌ಗೆ ಒಪ್ಪಿಗೆ ಸಿಕ್ಕೀತು ಅಂತ ನನಗೆ ನಿಜವಾಗಿಯೂ ಚಿಂತೆ. ಮಕ್ಕಳ ಪಟ್ಟಿಯಲ್ಲಿ ನೀರಿಗೂ ಒಂದು ಕಾಲಂ ಇರಲಿ.

ರಾಬರ್ಟ್‌ಸನ್‌ಪೇಟೆ ಮೇಷ್ಟ್ರು:

ಎಲ್ಲರಿಗೂ ತುಂಬಾ ಉಪಕಾರವಾಯ್ತು. ವಿಸ್ತೀರ್ಣ, ಮುಖ್ಯ ಕಸುಬು, ನೀರಿನ ಮೂಲ ಮೂರೂ ಸೇರಿಸ್ತೀನಿ. ಗೋಡೆಯ ವಿಷಯಕ್ಕೆ ಒಂದು ಪೂರ್ತಿ ಪೀರಿಯಡ್ ಇಡ್ತೀನಿ. ಕೊನೆಯದಾಗಿ ಒಂದು: ಡೆಟ್ರಾಯಿಟ್ ಮತ್ತೆ ಏಳ್ತಿದೆ ಅಂತಾರಲ್ಲ, ನಿಜಾನಾ?

ಶ್ರೀನಿವಾಸಪುರದವನು:

ಸ್ವಲ್ಪ ನಿಜ. 1957ರ ನಂತರ ಮೊದಲ ಬಾರಿಗೆ ಜನಸಂಖ್ಯೆ ಏರಿದೆ ಅಂತ 2023ರ ಅಂದಾಜು ಹೇಳಿತು. ಬೀದಿಗಳಿಗೆಲ್ಲ ಎಲ್‌ಇಡಿ ದೀಪ ಬಂದಿವೆ. 1988ರಲ್ಲಿ ಕೊನೆಯ ರೈಲು ಹೊರಟ ಮೇಲೆ ಹಾಳುಬಿದ್ದಿದ್ದ ಮಿಶಿಗನ್ ಸೆಂಟ್ರಲ್ ನಿಲ್ದಾಣವನ್ನು ಫೋರ್ಡ್ ಕೊಂಡು ದುರಸ್ತಿ ಮಾಡಿ 2024ರ ಜೂನ್‌ನಲ್ಲಿ ತೆರೆಯಿತು. ಒಳಗೆ ಆಫೀಸುಗಳಿವೆ, ರೈಲು ಇನ್ನೂ ಬಂದಿಲ್ಲ. ಡೌನ್‌ಟೌನ್‌ನಲ್ಲಿ ಬಾಡಿಗೆ ಏರಿದೆ. ಅಲ್ಲಿಂದ ಆಚೆ ಬಂದರೆ ಬೀದಿಯಲ್ಲಿ ಮನೆಗಿಂತ ಹುಲ್ಲು ಬೆಳೆದ ಸೈಟೇ ಜಾಸ್ತಿ ಇರೋ ಕಡೆಗಳು ಈಗಲೂ ಇವೆ. ಗೋಡೆಯ ಫೋಟೋ ನಾನೇ ತೆಗೆದದ್ದಿದೆ, ಮಕ್ಕಳಿಗೆ ತೋರಿಸೋಕೆ ಇಲ್ಲೇ ಹಾಕ್ತೀನಿ.