ಅಪ್‌ಡೇಟ್: ಐಇಎಲ್‌ಟಿಎಸ್ ಪದಗಳು ಓದುವಾಗ ಗೊತ್ತು, ಬರೆಯುವಾಗ ಹೊಳೆಯಲ್ಲ
ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ) ತಯಾರಿಯಲ್ಲಿ, ಓದಿದರೆ ಅರ್ಥವಾಗುವ ಪದ ಬರೆಯುವಾಗ ಯಾಕೆ ಕೈಕೊಡುತ್ತೆ ಅಂತ ಕೇಳಿದ್ದೆನಲ್ಲ, ದಾರಿ ಸಿಕ್ಕಿತು.

ಕೆಲಸಕ್ಕೆ ಬಂದಿದ್ದು ಪದ ಕಲಿಯುವ ಕಾರ್ಡ್ (ಫ್ಲ್ಯಾಶ್‌ಕಾರ್ಡ್) ಬದಲಿಸುವ ಸಲಹೆ. ಮುಂದೆ ಇಂಗ್ಲಿಷ್ ಪದ, ಹಿಂದೆ ಕನ್ನಡ ಅರ್ಥ ಇದ್ದರೆ ಪದವನ್ನು ಗುರುತಿಸೋದು ಮಾತ್ರ ಪರೀಕ್ಷೆಯಾಗುತ್ತೆ. ಈಗ ಮುಂದೆ ಒಂದು ಪದ ಬಿಟ್ಟ ವಾಕ್ಯ, ಸುಳಿವಿಗೆ ಮೊದಲ ಅಕ್ಷರ. ಉತ್ತರ ಕೈಯಲ್ಲೇ ಬರೆಯಬೇಕು. ಸ್ಪೆಲ್ಲಿಂಗ್ ತಪ್ಪಿದರೂ ಫೇಲ್, ಯಾಕಂದ್ರೆ ಪರೀಕ್ಷೆಯ ಲಿಸನಿಂಗ್ (ಕೇಳಿ ಉತ್ತರಿಸುವ) ಭಾಗದಲ್ಲಿ ಆ ಅಂಕ ಹೋಗೇ ಹೋಗುತ್ತೆ. ದಿನಕ್ಕೆ 10 ಪದ. ಮರುಪರೀಕ್ಷೆ 1, 3, 7, 21ನೇ ದಿನ.

ಅಕಾಡೆಮಿಕ್ ವರ್ಡ್ ಲಿಸ್ಟ್‌ನ (ಕಾಲೇಜು ಮಟ್ಟದ ಇಂಗ್ಲಿಷ್ ಪಠ್ಯಗಳಲ್ಲಿ ಹೆಚ್ಚು ಬರುವ ಪದಗಳ ಪಟ್ಟಿ) 570 ಪದಕುಟುಂಬಗಳನ್ನು (ಒಂದೇ ಮೂಲದ ಪದಗಳ ಗುಂಪು) ಅಕ್ಷರಕ್ರಮದಲ್ಲಿ ಉರುಹೊಡೆಯೋದು ಮಾತ್ರ ದಂಡ. ಅಡಿಕ್ವೇಟ್, ಅಡ್ಜೇಸೆಂಟ್, ಅಡ್ಜಸ್ಟ್ ಸಾಲಾಗಿ ಬಂದು ಕಲಸುಮೇಲೋಗರ. ಆ ಪಟ್ಟಿಯಲ್ಲೇ ಬಳಕೆಯ ಪ್ರಮಾಣಕ್ಕೆ ತಕ್ಕಂತೆ 10 ಉಪಪಟ್ಟಿಗಳಿವೆ (ಒಂಬತ್ತರಲ್ಲಿ 60, ಕೊನೆಯದರಲ್ಲಿ 30), ಮೊದಲನೆಯದರಿಂದ ಶುರು ಮಾಡಿ.

ನಿರೀಕ್ಷಿಸದೇ ಇದ್ದದ್ದು: ನನ್ನ ತಪ್ಪುಗಳಲ್ಲಿ ಅರ್ಧ ಆ ಪದದ್ದಲ್ಲ, ಅದರ ಜೊತೆ ಬರುವ ಪದದ್ದು. ಕನ್ನಡದಲ್ಲಿ ಎಲ್ಲಕ್ಕೂ ‘ಮಾಡು’ ಸಾಕು, ಹಾಗಾಗಿ ‘ಮೇಕ್ ರಿಸರ್ಚ್’ ಅಂತ ಬಂದುಬಿಡುತ್ತೆ. ಸರಿಯಾದದ್ದು ‘ಕಂಡಕ್ಟ್ ರಿಸರ್ಚ್’. ಈಗ ಪ್ರತಿ ಕಾರ್ಡ್‌ನಲ್ಲೂ ಜೋಡಿಪದ ಕಡ್ಡಾಯ.