ಸ್ಯಾನ್ ಹೋಸೆಯ ಐಸ್ ಶೋಗೆ ಅತ್ತೆಯನ್ನೂ ಕರ್ಕೊಂಡು ಹೋಗ್ಬಹುದಾ?

ಶಿವಮೊಗ್ಗ ಟು ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ, ಎರಡು ವರ್ಷದಿಂದ ಫಿಗರ್ ಸ್ಕೇಟಿಂಗ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಅವಳ ರೂಮಿನ ಗೋಡೆ ತುಂಬಾ ಅಮೆರಿಕದ ಸ್ಕೇಟರ್‌ಗಳಾದ ಅಲೀಸಾ ಲಿಯು ಮತ್ತು ಇಲಿಯಾ ಮಾಲಿನಿನ್. ಊರೂರು ತಿರುಗುವ ಸ್ಕೇಟಿಂಗ್ ಶೋ ಸ್ಟಾರ್ಸ್ ಆನ್ ಐಸ್ ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬರುತ್ತದೆ ಅಂತ ಗೊತ್ತಾದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

ನಾನು ಸ್ಕೇಟಿಂಗ್ ನೋಡಿದ್ದು ಟಿವಿಯಲ್ಲಿ ಮಾತ್ರ. ಯಾವ ಸೀಟು ತಗೋಬೇಕು? ಐಸ್ ಮೇಲೇ ಕುರ್ಚಿ ಹಾಕಿರ್ತಾರಂತೆ, ಅದಕ್ಕೆ ದುಡ್ಡು ಜಾಸ್ತಿ. ಅಷ್ಟು ಕೊಡುವ ಹಾಗಿದೆಯಾ? ಮಗಳು ಹೂವು, ಟೆಡ್ಡಿ ಎಲ್ಲಾ ಎಸೆಯಬೇಕು ಅಂತಿದ್ದಾಳೆ. ಎಸೆಯಬಹುದಾ? ಇನ್ನೊಂದು ವಿಷಯ, ಅತ್ತೆ ಊರಿಂದ ಬಂದಿದ್ದಾರೆ. ಎಪ್ಪತ್ತೆರಡು ವರ್ಷ, ಚಳಿ ಆಗಲ್ಲ. ಎರಡು ಗಂಟೆ ಕೂತು ನೋಡುವುದಕ್ಕೆ ಅವರಿಗೆ ಏನಾದರೂ ಅರ್ಥ ಆಗುತ್ತದಾ? ಬೇಜಾರಾದರೆ ನನಗೆ ಬೈಗುಳ ಗ್ಯಾರಂಟಿ.

ಹೊನ್ನಾವರದಣ್ಣ

ಕರ್ಕೊಂಡು ಹೋಗಿ ಮಾರಾಯ್ರೆ. ಅತ್ತೆಯನ್ನು ಬಿಟ್ಟು ಹೋದರೆ ಬೈಗುಳ ಇನ್ನೂ ಜಾಸ್ತಿ.

ನಾನು ಈ ಹುಚ್ಚು ಹಿಡಿಸಿಕೊಂಡು ಸುಮಾರು ವರ್ಷ ಆಯ್ತು. ಮೊದಲ ಸಲ ಹೋದಾಗ ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ಅದರಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೊರಗೆ ಬಿಸಿಲಿತ್ತು, ಚಪ್ಪಲಿಯಲ್ಲೇ ಹೋದೆ. ಸೀಟು ಐಸ್ ಮೇಲೇ, ಎರಡನೇ ಸಾಲು. ಕೆಳಗೆ ಕಾರ್ಪೆಟ್ ಹಾಸಿರುತ್ತಾರೆ, ಆದರೆ ಅದರ ಕೆಳಗಿರುವುದು ಐಸೇ ಅಲ್ವಾ! ಅರ್ಧ ಗಂಟೆಯಲ್ಲಿ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಇಂಟರ್ವಲ್‌ನಲ್ಲಿ ಟಾಯ್ಲೆಟ್‌ನ ಹ್ಯಾಂಡ್ ಡ್ರೈಯರ್ ಕೆಳಗೆ ಒಂಟಿ ಕಾಲಲ್ಲಿ ನಿಂತಿದ್ದೆ, ಬಕಧ್ಯಾನ. ಆ ಟಿಕೆಟ್ಟಾದರೂ ನೇರವಾಗಿ ತಗೊಂಡಿದ್ದಾ? ಅದೂ ಇಲ್ಲ. ಒಂದು ಮರುಮಾರಾಟದ ಸೈಟಿನಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಕೊಟ್ಟಿದ್ದೆ. ಹೋಗಿ ನೋಡಿದರೆ ಪಕ್ಕದ ನಾಲ್ಕು ಕುರ್ಚಿ ಖಾಲಿ. ಟಿಕೆಟ್ಟನ್ನು ಹಾಲ್‌ನವರ ಅಧಿಕೃತ ಸೈಟಿನಲ್ಲೇ ತಗೊಳ್ಳಿ.

ಐಸ್ ಮೇಲಿನ ಸೀಟಿನಲ್ಲಿ ಮುಖ ಕಾಣುತ್ತದೆ, ಬೆವರು ಕಾಣುತ್ತದೆ. ಆದರೆ ಕಾಲು ಎಳೆಯುವ ಗೆರೆ ಕಾಣುವುದಿಲ್ಲ. ನನ್ನ ಕೇಳಿದರೆ ಉದ್ದದ ಬದಿಯಲ್ಲಿ, ಕೆಳಗಿನಿಂದ ಹತ್ತು ಹದಿನೈದು ಸಾಲು ಮೇಲೆ ಕೂರಿ. ಪರದೆ ಕಟ್ಟಿ ಕಲಾವಿದರು ಒಳಗೆ ಬರುವ ಬದಿ ಬೇಡ. ಅಲ್ಲಿ ಕೂತರೆ ಎಲ್ಲರ ಬೆನ್ನು ನೋಡಿಕೊಂಡು ಬರಬೇಕು.

ಟಿವಿಯಲ್ಲಿ ನೋಡಿದ್ದೀನಲ್ಲಾ ಅಂದುಕೊಳ್ಳಬೇಡಿ. ಟಿವಿ ಕೊಲ್ಲುವುದೇ ವೇಗವನ್ನು. ಕ್ಯಾಮೆರಾ ಅವರ ಜೊತೆಗೇ ತಿರುಗುತ್ತದೆ, ಅದಕ್ಕೇ ನಿಂತಲ್ಲೇ ನಿಂತ ಹಾಗೆ ಕಾಣುತ್ತಾರೆ. ಎದುರಿಗೆ ಕೂತು ನೋಡಿ. ಆ ಮೂಲೆಯಲ್ಲಿ ಇದ್ದವರು ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಈ ಮೂಲೆಯಲ್ಲಿ, ಅದೂ ಹಿಮ್ಮುಖವಾಗಿ. ಜೊತೆಗೆ ಸದ್ದು. ಬ್ಲೇಡಿನ ಅಡಿಯಲ್ಲಿ ಎರಡು ಅಂಚು, ನಡುವೆ ಸಣ್ಣ ಗುಳಿ ಇರುತ್ತದೆ. ಒಂದೇ ಅಂಚಿನ ಮೇಲೆ ಮೈಯೆಲ್ಲಾ ವಾಲಿಸಿ ಬಂದರೆ ಹೊಸ ಸೀರೆ ಹರಿದ ಹಾಗೆ ಸರ್‍ರ್ ಅನ್ನುತ್ತದೆ. ಹಾಡು ಮೆತ್ತಗಾದಾಗ ಕಿವಿಗೊಡಿ.

ಅತ್ತೆಗೆ ಅರ್ಥ ಆಗುತ್ತದಾ ಅಂದ್ರಲ್ಲ. ಚಿಕ್ಕವನಿದ್ದಾಗ ಅಜ್ಜ ನನ್ನನ್ನು ಯಕ್ಷಗಾನಕ್ಕೆ, ಚಿಟ್ಟಾಣಿಯವರ ಭಸ್ಮಾಸುರ ನೋಡಲು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ. ತಾಳ ಯಾವುದು, ರಾಗ ಯಾವುದು ನನಗೇನು ಗೊತ್ತು? ಅವರು ಮಂಡಿ ಹಾಕಿ ತಿರುಗಲು ಶುರು ಮಾಡಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಇದೂ ಅಷ್ಟೇ. ಒಲಿಂಪಿಕ್ಸ್ ಅಂದರೆ ಎರಡು ಮೇಳ ಪೈಪೋಟಿಗೆ ಬಿದ್ದು ಕುಣಿಯುವ ಜೋಡಾಟ. ಆ ಕಡೆ ಈ ಕಡೆ ಲೆಕ್ಕ ಇಡುವವರು, ಬಿದ್ದರೆ ಮಾರ್ಕು ಹೋಯ್ತು. ಇಂಥ ಶೋ ಅಂದರೆ ಗದ್ದೆಯಲ್ಲಿ ನಡೆಯುವ ಹರಕೆ ಆಟ. ಮಾರ್ಕಿನ ಹಂಗಿಲ್ಲ, ಜನಕ್ಕೋಸ್ಕರ ಕುಣಿಯುತ್ತಾರೆ.

ಸ್ಟಾರ್ಸ್ ಆನ್ ಐಸ್ ಶುರು ಮಾಡಿದ್ದೂ ಅಂಥ ಒಬ್ಬ ಆಟದವನೇ. ಸ್ಕಾಟ್ ಹ್ಯಾಮಿಲ್ಟನ್, 1984ರ ಸರಾಯೆವೊ ಒಲಿಂಪಿಕ್ಸ್ ಚಿನ್ನ. ಮೊದಲು ಐಸ್ ಕೆಪೇಡ್ಸ್ ಎಂಬ ಹಳೇ ಕಂಪನಿಯಲ್ಲಿ ಕುಣಿದರು. ಅಲ್ಲಿಂದ ಬಿಟ್ಟ ಮೇಲೆ 1986ರಲ್ಲಿ ಈ ಪ್ರವಾಸ ಕಟ್ಟಿದರು. ಬ್ಯಾಕ್‌ಫ್ಲಿಪ್, ಅಂದರೆ ಹಿಂದಕ್ಕೆ ಹಾಕುವ ಲಾಗ, ಅವರ ಗುರುತು. ಸ್ಪರ್ಧೆಯಲ್ಲಿ ಅದಕ್ಕೆ 1970ರ ದಶಕದಿಂದ ನಿಷೇಧ ಇತ್ತು, ಶೋನಲ್ಲಿ ಯಾರ ಅಡ್ಡಿಯೂ ಇರಲಿಲ್ಲ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಸೂರ್ಯಾ ಬೊನಾಲಿ ನಿಷೇಧ ಗೊತ್ತಿದ್ದೂ ಲಾಗ ಹಾಕಿ ಒಂದೇ ಕಾಲಲ್ಲಿ ಇಳಿದಳು. 2024ರಲ್ಲಷ್ಟೇ ನಿಷೇಧ ತೆಗೆದರು.

ಮಗಳಿಗೆ ಒಂದು ಮಾತು ಮೊದಲೇ ಹೇಳಿಡಿ. ಮಾಲಿನಿನ್ ಇದ್ದರೆ ಕ್ವಾಡ್ ಆಕ್ಸೆಲ್ ಹೊಡೆದೇ ಹೊಡೀತಾನೆ ಅಂತ ಕಾಯಬಾರದು. ಗಾಳಿಯಲ್ಲಿ ನಾಲ್ಕೂವರೆ ಸುತ್ತು ತಿರುಗುವ ಜಿಗಿತ ಅದು. 2022ರ ಸೆಪ್ಟೆಂಬರ್‌ನಲ್ಲಿ ಲೇಕ್ ಪ್ಲ್ಯಾಸಿಡ್‌ನಲ್ಲಿ ಅವನು ಹಾಕುವವರೆಗೆ ಸ್ಪರ್ಧೆಯಲ್ಲಿ ಯಾರೂ ಸರಿಯಾಗಿ ಹಾಕಿದ್ದಿಲ್ಲ. ಆಗ ಅವನಿಗೆ ಹದಿನೇಳು. ಶೋನಲ್ಲಿ ಸುತ್ತ ಕತ್ತಲು, ಒಂದು ದೀಪ ಮಾತ್ರ ಹಿಂದೆ ಬರುತ್ತದೆ. ಗಾಳಿಯಲ್ಲಿ ತಿರುಗುವಾಗ ಗೋಡೆ ಎಲ್ಲಿ, ನೆಲ ಎಲ್ಲಿ ಅಂತ ಅಂದಾಜು ಸಿಗುವುದು ಕಷ್ಟ. ಮೇಲಾಗಿ ಇವತ್ತು ಈ ಊರು, ನಾಳೆ ಇನ್ನೊಂದು ಊರು. ಕಾಲು ಉಳಿಸಿಕೊಳ್ಳಬೇಕಲ್ಲ.

ಟೆಡ್ಡಿ ಎಸೆಯುವುದು ಸ್ಪರ್ಧೆಯ ಪದ್ಧತಿ. ಇಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಾ ಇರುತ್ತಾರೆ, ಹೆಕ್ಕುವವರು ಯಾರು? ಎಸೆಯುವುದು ಬೇಡವೇ ಬೇಡ. ಹೂವು ತಂದರೆ ಪೂರ್ತಿ ಪ್ಲಾಸ್ಟಿಕ್ ಸುತ್ತಿಸಿ. ಒಂದು ಎಸಳು ಐಸ್ ಮೇಲೆ ಬಿದ್ದು ಬ್ಲೇಡಿಗೆ ಸಿಕ್ಕಿದರೆ ಮುಗಿಯಿತು. ಕೊನೆಯಲ್ಲಿ ಎಲ್ಲರೂ ಒಂದು ಸುತ್ತು ಬರುತ್ತಾರಲ್ಲ, ಅಲ್ಲಿನ ಸಿಬ್ಬಂದಿ ಬಿಟ್ಟರೆ ಆಗ ಕೈಗೆ ಕೊಡಬಹುದು.

ಅತ್ತೆಗೆ ಶಾಲು, ಮಫ್ಲರ್, ದಪ್ಪ ಸಾಕ್ಸ್. ಮೇಲಿನ ಸಾಲಿನಲ್ಲಿ ಚಳಿ ಅಷ್ಟಿರುವುದಿಲ್ಲ.

ಪುತ್ತೂರು ತೆಂಕು

ಹೊನ್ನಾವರದಣ್ಣ, ಮಂಡಿ ಅಂದರೆ ನೆಲ ಬಿಡುವುದಿಲ್ಲ. ಗಾಳಿಯಲ್ಲಿ ಹಾರಿ ತಿರುಗುವುದಕ್ಕೆ ಹೋಲಿಸಬೇಕಾದರೆ ನಮ್ಮ ತೆಂಕುತಿಟ್ಟು ಯಕ್ಷಗಾನದ ಧಿಗಿಣವನ್ನೇ ಹೋಲಿಸಬೇಕು. ಇಷ್ಟು ಹೇಳಲಿಕ್ಕೆ ಲಾಗಿನ್ ಆದೆ.

ಅಕ್ಕ, ನೀವಿರುವ ಫ್ರೀಮಾಂಟ್‌ನಲ್ಲೇ ಬೆಳೆದವರು ಕ್ರಿಸ್ಟಿ ಯಾಮಾಗುಚಿ. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಸ್ಕೇಟಿಂಗ್ ಚಿನ್ನ ಗೆದ್ದು, ಆಮೇಲೆ ಹತ್ತು ವರ್ಷ ಇದೇ ಸ್ಟಾರ್ಸ್ ಆನ್ ಐಸ್‌ನಲ್ಲಿ ಊರೂರು ತಿರುಗಿದರು. ಹುಟ್ಟುವಾಗ ಪಾದ ಒಳಕ್ಕೆ ತಿರುಚಿಕೊಂಡಿತ್ತಂತೆ. ಮಗಳಿಗೆ ಹೇಳಿ.

ಕಾರು ತಂದರೆ ಒಂದು ಗಂಟೆ ಮೊದಲೇ ಬನ್ನಿ. ಶೋ ಬಿಟ್ಟ ಮೇಲೆ ಪಾರ್ಕಿಂಗ್‌ನಿಂದ ಹೊರಗೆ ಬರುವುದು ಬೇರೆಯೇ ಆಟ.

ಶಿವಮೊಗ್ಗ ಟು ಫ್ರೀಮಾಂಟ್

ಹೋಗಿ ಬಂದೆವು! ಹನ್ನೆರಡನೇ ಸಾಲು, ಉದ್ದದ ಬದಿ. ಹೊನ್ನಾವರದಣ್ಣ, ನಿಮಗೆ ಒಂದು ಡಬ್ಬಿ ಚಕ್ಕುಲಿ ಬಾಕಿ.

ವೇಗದ ಬಗ್ಗೆ ಹೇಳಿದ್ದು ನಿಜ. ಮೊದಲ ಹಾಡಿಗೆ ಎಲ್ಲರೂ ಒಟ್ಟಿಗೆ ಕತ್ತಲಿಂದ ಬಂದಾಗ ಅವರ ಗಾಳಿ ಮುಖಕ್ಕೆ ಬಡಿದ ಹಾಗಾಯ್ತು. ಅಷ್ಟು ಮೇಲೆ ಕೂತಿದ್ದೆವು, ಬಡಿಯಲು ಸಾಧ್ಯವೇ ಇಲ್ಲ, ಆದರೂ. ಒಬ್ಬರು ಜಿಗಿದು ಇಳಿಯುವಾಗ ಜಾರಿ ಕೂತೇಬಿಟ್ಟರು. ಹೆಸರು ಬೇಡ ಬಿಡಿ. ಇಡೀ ಹಾಲ್ 'ಅಯ್ಯೋ' ಅಂತು. ಅವರು ನಕ್ಕು, ಎದ್ದು, ಹಾಡನ್ನು ಅದರ ಪಾಡಿಗೆ ಬಿಟ್ಟು, ಇನ್ನೊಂದು ಸುತ್ತು ಬಂದು ಅದೇ ಜಂಪನ್ನು ಮತ್ತೆ ಹಾಕಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಮಗಳು ನನ್ನ ಕೈ ಹಿಡಿದು, 'ಅಮ್ಮಾ, ಹಾಗೆ ಮಾಡಬಹುದಾ?' ಅಂದಳು. ಕ್ಲಾಸಿನಲ್ಲಿ ಬಿದ್ದರೆ ಅವಳು ನೇರ ಬೆಂಚಿಗೆ ಬಂದು ಅಳುತ್ತಾ ಕೂರುವವಳು.

ಅತ್ತೆಯ ಕಥೆ ಕೇಳಿ. ಜೋಡಿ ಸ್ಕೇಟಿಂಗ್‌ನಲ್ಲಿ ಅವನು ಅವಳನ್ನು ಒಂದೇ ಕೈಯಲ್ಲಿ ತಲೆ ಮೇಲೆ ಎತ್ತಿದಾಗ ಕಣ್ಣು ಮುಚ್ಚಿಕೊಂಡರು. 'ಇಳಿಸಿದ್ನಾ?' ಅಂತ ಎರಡು ಸಲ ಕೇಳಿದರು. ಇಂಟರ್ವಲ್‌ನಲ್ಲಿ ಕಾಫಿ ತರೋಣ ಅಂದರೆ ಏಳಲೇ ಇಲ್ಲ. ಐಸ್ ಸರಿಮಾಡುವ ಜಾಂಬೋನಿ ಗಾಡಿ ಬಂತಲ್ಲ, ಅದರ ಮೇಲೇ ಕಣ್ಣು. ಮೇಲಿನ ಪದರ ಹೆರೆದು ಬಿಸಿ ನೀರು ಹರಡುತ್ತದೆ ಅಂತ ಮಗಳು ವಿವರಿಸಿದಳು. 'ಬಿಸಿ ನೀರಾ? ಕರಗಲ್ವಾ?' ಸ್ವಲ್ಪ ಕರಗಿ ಗೀರುಗಳೆಲ್ಲಾ ತುಂಬಿಕೊಂಡು ನುಣ್ಣಗೆ ಹೆಪ್ಪುಗಟ್ಟುತ್ತದೆ ಅಂದಾಗ ತಲೆಯಾಡಿಸಿದರು.

ಮನೆಗೆ ಬಂದ ಮೇಲೆ ಊರಿಗೆ ಫೋನ್ ಮಾಡಿ ನಾದಿನಿಗೆ ಹೇಳುತ್ತಿದ್ದರು: 'ಕುಣಿದಿದ್ದು ಚೆನ್ನಾಗಿತ್ತು ಕಣೇ. ಆದ್ರೆ ನಡುವೆ ಒಬ್ಬ ಗಾಡೀಲಿ ಬಂದು ಅಂಗಳ ಸಾರಿಸಿದ ನೋಡು, ಒಂದು ಮೂಲೆ ಬಿಡಲಿಲ್ಲ!'