ಅಜ್ಜಿಯ ಕಾರ್ಡಿನ ಮೇಲೆ ‘ರಿಚರ್ಡ್ ಬಾಂಬೆ’ ಅಂತ ಸಹಿ ಇದೆ, ಇವರು ಯಾರು?

ಕ್ಯಾಂಪ್_ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಹಳೇ ಟ್ರಂಕ್ ತೆಗೆದಾಗ ಅಜ್ಜಿಯ ಬೈಬಲ್ ಒಳಗೆ ಅವರ ದೃಢೀಕರಣದ (ದೀಕ್ಷಾಸ್ನಾನ ಆದವರನ್ನು ಬಿಷಪ್ ಕೈಯಿಟ್ಟು ಸಭೆಯಲ್ಲಿ ಸ್ಥಿರಪಡಿಸುವ ವಿಧಿ) ಕಾರ್ಡು ಸಿಕ್ಕಿತು. 1938ರದು. ಅಂಚು ಹುಳ ತಿಂದಿದೆ, ಆದರೆ ಸಹಿ ನೀಟಾಗಿ ಉಳಿದಿದೆ. ಮೊದಲು ಒಂದು ಪುಟ್ಟ ಶಿಲುಬೆ ಗುರುತು, ಆಮೇಲೆ ‘ರಿಚರ್ಡ್ ಬಾಂಬೆ’. ಬಾಂಬೆ ಅನ್ನೋದು ಅಡ್ಡಹೆಸರಾ? ಈಗ ನಮ್ಮ ಬಿಷಪ್ ಇರೋದು ಧಾರವಾಡದಲ್ಲಿ. ಸಹಿ ಮಾಡಿದ ಈ ರಿಚರ್ಡ್ ಅವರ ಮುಂಚೆ ಯಾರಿದ್ದರು, ಆಮೇಲೆ ಯಾರು ಬಂದರು? ಅಜ್ಜಿ ಕೊನೇತನಕ ಇದನ್ನು ಜೋಪಾನ ಮಾಡಿದ್ದರು, ಅದಕ್ಕೆ ಸರಿಯಾಗಿ ತಿಳ್ಕೊಳ್ಳಬೇಕು.

ಹಳೇ_ಕಡತ:
ಅಡ್ಡಹೆಸರಲ್ಲ ಅಕ್ಕಾ. ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಬಿಷಪ್ಪರು ಸಹಿ ಮಾಡುವಾಗ ಅಡ್ಡಹೆಸರು ಬಿಟ್ಟು ತಮ್ಮ ಪೀಠದ, ಅಂದರೆ ತಮ್ಮ ಅಧಿಕಾರದ ಕೇಂದ್ರದ, ಊರು ಬರೆಯುತ್ತಾರೆ, ಶಿಲುಬೆ ಗುರುತು ಬಿಷಪ್ ಅನ್ನೋದಕ್ಕೆ. ಇವರು ರಿಚರ್ಡ್ ಡೈಕ್ ಆಕ್ಲಂಡ್, 1929ರಿಂದ 1947ರವರೆಗೆ ಮುಂಬೈ ಬಿಷಪ್. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತಲ್ವಾ. ಮುಂಬೈ ಬಿಷಪ್ಪರ ಈ ಸಾಲು ಶುರುವಾಗಿದ್ದು 1837ರಲ್ಲಿ, ಮೊದಲನೆಯವರು ಥಾಮಸ್ ಕಾರ್. ಆಕ್ಲಂಡ್‌ಗಿಂತ ಮುಂಚೆ ಎಡ್ವಿನ್ ಪಾಮರ್ 1908ರಿಂದ ಇದ್ದರು, ಆಮೇಲೆ ವಿಲಿಯಂ ಲ್ಯಾಶ್ ಬಂದು 1961ರವರೆಗೆ ಇದ್ದರು. ಕಾರ್ಡನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಫೋಟೋ ತೆಗೆದು ಕಾಗದದ ಕವರಿನಲ್ಲಿಡಿ.

ಕ್ಯಾಂಪ್_ಬೆಳಗಾವಿ:
ತುಂಬಾ ಥ್ಯಾಂಕ್ಸ್! ಇವರ ಮೇಲೆ ಆರ್ಚ್‌ಬಿಷಪ್ ಇರಲಿಲ್ಲವಾ?

ಹಳೇ_ಕಡತ:
ಮೇಲಿನವರು ಇದ್ದರು, ಹೆಸರು ಮಾತ್ರ ಬೇರೆ. ಕಲ್ಕತ್ತಾದ ಬಿಷಪ್ಪರೇ ಎಲ್ಲರಿಗೂ ಮೇಲಿನವರು, ಅವರನ್ನು ಮೆಟ್ರೊಪಾಲಿಟನ್ ಅಂತಿದ್ದರು. ಕಾರ್ಡಿನ ಕಾಲಕ್ಕೆ ಆ ಜಾಗದಲ್ಲಿ ಫಾಸ್ ವೆಸ್ಟ್‌ಕಾಟ್ ಇದ್ದರು. 1814ರಲ್ಲಿ ಶುರುವಾದ ಆ ಪೀಠಕ್ಕೆ ಮೊದಲ ಭಾರತೀಯರು, ಅರವಿಂದನಾಥ ಮುಖರ್ಜಿ, ಬಂದಿದ್ದು 1950ರಲ್ಲಿ. ಅಷ್ಟು ತಡ ಆಗಬಾರದಿತ್ತು ಅಂತ ನನಗೆ ಇವತ್ತಿಗೂ ಬೇಜಾರು. ತೆಲುಗು ನಾಡಿನ ದೋರ್ಣಕಲ್‌ನಲ್ಲಿ ಭಾರತೀಯರೇ ಆದ ಅಜರಯ್ಯನವರು 1912ರಲ್ಲೇ ಬಿಷಪ್ ಆಗಿದ್ದರಲ್ಲ.

ಧಾರವಾಡದ_ಮಾಸ್ತರ:
ಧಾರವಾಡದ್ದು ನಾನು ಹೇಳ್ತೀನಿ ತಂಗಿ. ಇದು ಮುಂಬೈ ಸಾಲಿನ ಮುಂದುವರಿಕೆ ಅಲ್ಲ, ಬೇರೆ ಸಾಲು. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಯವರು ಸೇರಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕಟ್ಟಿದರು. ಆಗ ಮೈಸೂರು ಸಭಾಪ್ರಾಂತಕ್ಕೆ (ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ) ಮೊದಲ ಬಿಷಪ್ ಆದವರು ಗುರುಶಾಂತ ಅವರು. 1970ರಲ್ಲಿ ಅದು ಒಡೆದು ಮೂರಾಯಿತು, ಉತ್ತರದ್ದಕ್ಕೆ ಧಾರವಾಡ ಕೇಂದ್ರ. ಮುಂಬೈ ಪೀಠ 1947ರಲ್ಲಿ ನಮ್ಮ ಜೊತೆ ಬರಲಿಲ್ಲ, 1970ರಲ್ಲಿ ನಾಗಪುರದಲ್ಲಿ ಸಿಎನ್‌ಐ (ಉತ್ತರ ಭಾರತ ಸಭೆ) ಆದಾಗ ಅದರೊಳಗೆ ಹೋಯಿತು. ಈ ಒಗ್ಗಟ್ಟಿಗೆ ಎಷ್ಟೋ ವರ್ಷ ದುಡಿದವರಲ್ಲಿ ಮುಂಬೈಯ ಪಾಮರ್ ಒಬ್ಬರು, ಅವರ ಪೀಠವೇ ಹೊರಗುಳಿಯಿತು. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಒಂಥರಾ ಆಗುತ್ತದೆ.

ಇನ್ನೊಂದು, ಕಾರ್ಡಿನ ಹಿಂಭಾಗ ನೋಡಿ. ಚರ್ಚಿನ ಹೆಸರು, ತಾರೀಖು ಇದ್ದರೆ ಅಲ್ಲಿನ ಅಯ್ಯನವರನ್ನು ಕೇಳಿ, ಹಳೇ ರಿಜಿಸ್ಟರಿನಲ್ಲಿ ಅಜ್ಜಿಯ ಜೊತೆ ದೃಢೀಕರಣ ಪಡೆದವರ ಹೆಸರೂ ಸಿಗಬಹುದು.

ಕ್ಯಾಂಪ್_ಬೆಳಗಾವಿ:
ಮಾಸ್ತರೇ, ಭಾನುವಾರ ಆರಾಧನೆ ಮುಗಿದ ಮೇಲೆ ಕೇಳ್ತೀನಿ. ಮುಂಬೈಯಲ್ಲಿರುವ ದೊಡ್ಡಮ್ಮನಿಗೆ ಈಗಷ್ಟೇ ಫೋನ್ ಮಾಡಿದ್ದೆ, ಅವರದು 1955ರ ಕಾರ್ಡು, ಕನ್ನಡಕ ಹಾಕಿಕೊಂಡು ಓದಿ ಹೇಳಿದರು. ಅದೇ ಪುಟ್ಟ ಶಿಲುಬೆ, ಪಕ್ಕದಲ್ಲಿ ‘ವಿಲಿಯಂ ಬಾಂಬೆ’.